ಓಂ ಬೀಚ್ ದಾರಿಯ ಕೆಂಪು ಹೊಟ್ಟೆಯ ಚಿಟ್ಟೆ

ಗೋಕರ್ಣಕ್ಕೆ ಹೋಗಿ ಬಂದವರ ಫೋನಿನಲ್ಲಿ ಸೂರ್ಯಾಸ್ತದ ಫೋಟೊ ಇದ್ದೇ ಇರುತ್ತೆ. ಈ ಸಲ ಹೋದರೆ ಬೆಳಿಗ್ಗೆಯೂ ಒಂದು ಕೆಲಸ ಇಟ್ಕೊಳ್ಳಿ. ಕುಡ್ಲೆ ಬೀಚಿನಿಂದ ಓಂ ಬೀಚಿಗೆ ಆಟೋ ಹಿಡಿಯದೆ, ಗುಡ್ಡದ ಕಾಲುದಾರಿಯಲ್ಲಿ ನಡೆಯಿರಿ. ಸುಮ್ಮನೆ ನಡೆದರೆ ಅರ್ಧ ಗಂಟೆ ಸಾಕು. ಚಿಟ್ಟೆ ನೋಡ್ತಾ ನಡೆದ ನನಗೂ ನನ್ನ ಗೆಳೆಯನಿಗೂ ಎರಡು ಗಂಟೆ ಹಿಡಿಯಿತು.

ಕಡಲಿನ ಅಂಚಿನಲ್ಲಿ ಗಾಳಿ ಜೋರು, ಚಿಟ್ಟೆ ಅಲ್ಲಿ ಹೆಚ್ಚು ಹೊತ್ತು ಕೂರಲ್ಲ. ಗಾಳಿಗೆ ಮರೆಯಾದ ಇಳಿಜಾರಿನಲ್ಲಿ, ಎಳೆಬಿಸಿಲು ಬಿದ್ದ ಪೊದೆಗಳಲ್ಲಿ ಹುಡುಕಬೇಕು. ಒದ್ದೆ ಮಣ್ಣು ಕಂಡರೆ ನಿಲ್ಲಿ. ಗಂಡು ಚಿಟ್ಟೆಗಳು ಲವಣ ಹೀರೋಕೆ ಅಲ್ಲಿಗೆ ಬರುತ್ತವೆ. ಮಳೆಗಾಲ ಮುಗಿದು ಹಸಿರು ಇನ್ನೂ ಒಣಗಿರದ ಅಕ್ಟೋಬರ್, ನವೆಂಬರ್ ಒಳ್ಳೆಯ ಸಮಯ.

ದಾರಿಯಲ್ಲಿ ಕಪ್ಪು ರೆಕ್ಕೆ, ಬಿಳಿ ಪಟ್ಟೆ, ಕೆಂಪು ಚುಕ್ಕೆಯ ಚಿಟ್ಟೆಯೊಂದು ಸಿಕ್ಕಿತು. "ಕ್ರಿಮ್ಸನ್ ರೋಸ್ ಕಣೋ" ಅಂದ ಗೆಳೆಯ. ಹತ್ತು ಹೆಜ್ಜೆ ಮುಂದೆ ಅಂಥದ್ದೇ ಇನ್ನೊಂದು. ಆದರೆ ಅದು ಕಾಮನ್ ಮಾರ್ಮನ್ ಹೆಣ್ಣು! ಗುರುತು ಹಿಡಿಯೋದು ಸುಲಭ: ರೆಕ್ಕೆ ಬಿಟ್ಟು ಮೈ ನೋಡಿ. ಮೈ ಕೆಂಪಾಗಿದ್ದರೆ ಕ್ರಿಮ್ಸನ್ ರೋಸ್, ಕಪ್ಪಾಗಿದ್ದರೆ ಮಾರ್ಮನ್.

ಕ್ರಿಮ್ಸನ್ ರೋಸ್‌ನ ಮರಿಹುಳು ಈಶ್ವರಿ ಬಳ್ಳಿಯ ಎಲೆ ತಿಂದು, ಅದರ ವಿಷವನ್ನು ಮೈಯಲ್ಲಿ ಉಳಿಸಿಕೊಳ್ಳುತ್ತೆ. ಹಾಗಾಗಿ ಹಕ್ಕಿಗಳು ಈ ಚಿಟ್ಟೆಯ ತಂಟೆಗೆ ಹೋಗಲ್ಲ. ಮಾರ್ಮನ್‌ಗೆ ವಿಷ ಇಲ್ಲ, ಅದು ಬೆಳೆಯೋದು ಕರಿಬೇವು, ನಿಂಬೆ ಗಿಡದಲ್ಲಿ. ಅದಕ್ಕೇ ಅದರ ಕೆಲವು ಹೆಣ್ಣುಗಳು ವಿಷದ ಚಿಟ್ಟೆಯ ವೇಷ ಹಾಕುತ್ತವೆ. ಈ ವೇಷದ ಹಿಂದೆ ಇರೋದು ಡಬಲ್‌ಸೆಕ್ಸ್ ಎಂಬ ಒಂದೇ ಜೀನ್ ಎಂದು 2014ರಲ್ಲಿ ತೋರಿಸಿದ ತಂಡದಲ್ಲಿ ಬೆಂಗಳೂರಿನ ಎನ್‌ಸಿಬಿಎಸ್‌ನ ಕೃಷ್ಣಮೇಘ ಕುಂಟೆ ಇದ್ದರು. ಒಂದು ಸೆಟ್ಟಿಂಗ್ ಬದಲಾದರೆ ಇಡೀ ಸ್ಕ್ರೀನ್ ಬದಲಾಗುವುದನ್ನು ದಿನಾ ನೋಡುವ ನನಗೆ ಇದು ತುಂಬಾ ಹಿಡಿಸಿತು.

ಇಳಿಜಾರಿನ ಕೊನೆಗೆ ಒಂದು ಸಣ್ಣ ಅಂಗಡಿ. ಅಂಗಡಿಯ ಅಮ್ಮ ಕತ್ತಿ ಹಿಡಿದು ಬೇಲಿ ಸವರುತ್ತಿದ್ದರು. ಬೇಲಿಯ ಮೂಲೆಯಲ್ಲಿ ಅದೇ ಈಶ್ವರಿ ಬಳ್ಳಿ. ಎಲೆಯಡಿ ಕಪ್ಪು ಮೈಯ, ಕೆಂಪು ಮುಳ್ಳಿನಂಥ ಗುಬುಟಿನ ಐದಾರು ಹುಳುಗಳು.

"ಅಮ್ಮಾ, ಇದನ್ನೂ ಕಡೀತೀರಾ?"

"ಸೀಸನ್ ಬಂತಲ್ಲ ತಮಾ, ಅಂಗಡಿ ಎದುರಿಗೆ ಚೊಕ್ಕ ಕಾಣ್ಬೇಕು. ಮೊದಲೆಲ್ಲ ಔಷಧಿಗೆ ಅಂತ ಒಯ್ತಿದ್ರು. ಈಗ ಯಾರಿಗೆ ಬೇಕು ಇದು?"

ಹುಳು ತೋರಿಸಿದೆ, ಫೋನಿನಲ್ಲಿದ್ದ ಚಿಟ್ಟೆಯ ಫೋಟೊವನ್ನೂ ತೋರಿಸಿದೆ. ಎರಡನ್ನೂ ಎರಡೆರಡು ಸಲ ನೋಡಿದರು.

"ಈ ಹುಳವೇ ಅದಾಗೂದಾ?"

ಉಳಿದ ಬೇಲಿ ಸವರಿದರು, ಆ ಮೂಲೆ ಬಿಟ್ಟರು. ಅಲ್ಲಿಂದ ಬೀಚಿನ ತನಕ ನಾವು ಹುಡುಕುತ್ತಲೇ ಹೋದೆವು, ಇನ್ನೊಂದು ಈಶ್ವರಿ ಬಳ್ಳಿ ಕಾಣಲಿಲ್ಲ. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ನ ಮರಿಹುಳುವಿಗೂ ಇದೇ ಜಾತಿಯ ಬಳ್ಳಿಗಳೇ ಊಟ. ಬಳ್ಳಿ ಹೋದರೆ ಚಿಟ್ಟೆ ಮೊಟ್ಟೆ ಇಡೋದಾದರೂ ಎಲ್ಲಿ?

ನೀವು ಹೋದಾಗ ಮೂರು ಫೋಟೊ ತೆಗೆಯಿರಿ: ರೆಕ್ಕೆಯ ಮೇಲ್ಭಾಗ, ಕೆಳಭಾಗ, ಕೂತ ಗಿಡ. ಐನ್ಯಾಚುರಲಿಸ್ಟ್ ಆ್ಯಪ್‌ಗೆ ಹಾಕಿದರೆ ಹೆಸರು ಹೇಳಲು ಬಲ್ಲವರು ಅಲ್ಲಿದ್ದಾರೆ. ಅಂಗಡಿಯಲ್ಲಿ ಸೋಡಾ ಕುಡಿಯುವಾಗ ಬೇಲಿ ಕಡೆಗೂ ಒಮ್ಮೆ ಕಣ್ಣು ಹಾಯಿಸಿ.