ನೂಲು ಸುತ್ತುವ ಊರು

ಪಿಂಗ್‌ಟುಂಗ್ ಪೇಟೆ ಬಿಟ್ಟ ಬಸ್ಸು ಅಡಿಕೆ ತೋಟಗಳ ನಡುವೆ ಪೂರ್ವಕ್ಕೆ ಹೊರಟಿತು. ತೈವಾನಿನ ದಕ್ಷಿಣದ ಈ ಜಿಲ್ಲೆಯಲ್ಲಿ ಎಳೆಯ ಹಸಿ ಅಡಿಕೆಯನ್ನೇ ಸುಣ್ಣ, ವೀಳ್ಯದ ಜೊತೆ ಜಗಿಯುತ್ತಾರೆ; ಇಲ್ಲಿನ ಮೂಲನಿವಾಸಿಗಳಾದ ಪೈವಾನ್ ಜನರ ಆಚರಣೆಗಳಿಗೂ ಅಡಿಕೆ ಬೇಕೇ ಬೇಕು. ಬಯಲು ಮುಗಿದು ಬೆಟ್ಟ ಒಮ್ಮೆಗೇ ಏಳುವ ಜಾಗದಲ್ಲಿ ಸಾಂಡಿಮೆನ್ ಇದೆ.

ನಾನು ಬಂದದ್ದು ಅಲುವಾಯ್ ಕೌಮಾಕನ್ ಎಂಬ ಪೈವಾನ್ ಕಲಾವಿದೆಯ ಊರು ನೋಡಲು. 2023ರಲ್ಲಿ ದಕ್ಷಿಣ ಕೊರಿಯಾದ ಗ್ವಾಂಗ್‌ಜು ಬಿನಾಲೆಯಲ್ಲಿ ಅವರ ಕೆಲಸದ ಮುಂದೆ ಬಹಳ ಹೊತ್ತು ನಿಂತಿದ್ದೆ. ಉಣ್ಣೆ, ಹತ್ತಿ, ರೇಷ್ಮೆ, ತಾಮ್ರ, ಗಾಜಿನ ಮಣಿ ಎಲ್ಲ ಸೇರಿ ಬೆಳೆದ ಬಳ್ಳಿಗಳು, ಬೇರುಗಳು, ಉಬ್ಬಿದ ವರ್ತುಲಗಳು. ಇಷ್ಟು ನೂಲು ಸುತ್ತಿದ ಕೈಗಳು ಎಷ್ಟಿರಬೇಕು ಎಂಬ ಪ್ರಶ್ನೆ ಅಂದಿನಿಂದ ತಲೆಯಲ್ಲಿತ್ತು.

ಸಾಂಡಿಮೆನ್‌ನಲ್ಲಿ ಮೊದಲು ಹೊಕ್ಕಿದ್ದು ಮಣಿ ಮಾಡುವ ಕಾರ್ಯಾಗಾರಕ್ಕೆ. ಉರಿಯ ತುದಿಯಲ್ಲಿ ಗಾಜಿನ ಕಡ್ಡಿ ಕರಗಿ, ತಿರುಗುವ ಸರಳಿಗೆ ಹತ್ತಿ ಮಣಿಯಾಗುತ್ತಿತ್ತು. ಮಣ್ಣಿನ ಮಡಕೆ, ಕಂಚಿನ ಕಠಾರಿ, ಗಾಜಿನ ಮಣಿ ಇವು ಪೈವಾನರ ಮೂರು ನಿಧಿಗಳು. ಮಡಕೆಯ ಮೇಲೆ ಸೂರ್ಯ, ವಿಷದ ಹಾವು; ಕುಲದ ಹುಟ್ಟಿನ ಹಲವು ಕತೆಗಳು ಆ ಎರಡರಿಂದ. ಒಂದು ಕಾಲಕ್ಕೆ ಇಂಥ ಚಿತ್ತಾರ ಹೊರುವ ಹಕ್ಕು ಒಡೆಯರ ಮನೆತನಗಳಿಗೆ ಮಾತ್ರ ಇತ್ತು. ಪೈವಾನರಲ್ಲಿ ಚೊಚ್ಚಲ ಮಗು ಹೆಣ್ಣಾದರೂ ಗಂಡಾದರೂ ಮನೆಯ ಹಕ್ಕು ಅದಕ್ಕೇ ಸಲ್ಲುತ್ತದೆ. ಇದು ನನಗೆ ತುಂಬ ಹಿಡಿಸಿದ ಸಂಗತಿ.

ಹೊಳೆಯ ಮೇಲಿನ 262 ಮೀಟರಿನ ತೂಗುಸೇತುವೆ ದಾಟಿ, ಅಲ್ಲಿಂದ ಬಾಡಿಗೆ ಕಾರಿನಲ್ಲಿ ನಾನೂ ಗೆಳತಿಯೂ ರಿನಾರಿ ತಲುಪಿದೆವು.

2009ರ ಆಗಸ್ಟ್ 8ರಂದು ಮೊರಾಕೊಟ್ ಚಂಡಮಾರುತ ಈ ಬೆಟ್ಟಗಳ ಮೇಲೆ ಒಂದೇ ದಿನದಲ್ಲಿ ಸುಮಾರು 1,400 ಮಿಲಿಮೀಟರ್ ಮಳೆ ಸುರಿಸಿತು. ಇನ್ನೊಂದು ಮೂಲನಿವಾಸಿ ಪಂಗಡವಾದ ರುಕಾಯ್ ಜನರ ಹಾವ್‌ಚಾ ಊರು ಕೆಸರು, ಬಂಡೆಗಳಡಿ ಹೂತುಹೋಯಿತು. ಅಲುವಾಯ್ ಅವರ ಪರಿದ್ರಾಯನ್ ಊರಿನ ಜನ ಕೆಳಗಿಳಿಯಬೇಕಾಯಿತು. ಮೂರು ಊರುಗಳಿಗೆಂದು ಕಟ್ಟಿದ 483 ಮನೆಗಳ ಹೊಸ ನೆಲೆಯೇ ರಿನಾರಿ. ಇಳಿಜಾರು ಸೂರು, ಒಪ್ಪವಾದ ಬೀದಿ, ಪ್ರತಿ ಜಗುಲಿಯಲ್ಲೂ ಹೂಕುಂಡ. ನೋಡಲು ಚೆನ್ನಾಗಿದೆ. ಆದರೆ ಕಲ್ಲುಚಪ್ಪಡಿಯ ಹಳೆಯ ಮನೆಗಳು, ಬೇಟೆಯ ಕಾಡು, ಹಿರಿಯರ ಸಮಾಧಿ ಎಲ್ಲ ಮೇಲೆಯೇ ಉಳಿದವು.

ಆ ದುಃಖದ ದಿನಗಳಲ್ಲಿ ಅಲುವಾಯ್ ಊರ ಹೆಂಗಸರನ್ನು ಕೂಡಿಸಿಕೊಂಡು ಕುಳಿತರು. ಅವರು ಕೈಗೆತ್ತಿಕೊಂಡದ್ದು ಲೆಮಿಕಲಿಕ್, ಒಡೆಯರ ಹಬ್ಬದ ಉಡುಪಿಗೆ ಮಾಡುತ್ತಿದ್ದ ಕುಸುರಿ. ನೂಲನ್ನು ಬಿಗಿಯಾಗಿ ಸುತ್ತಿ, ಸುತ್ತಿದ್ದನ್ನು ಒಂದರ ಹೊರಗೆ ಒಂದಾಗಿ ವರ್ತುಲ ಕಟ್ಟುತ್ತಾರೆ. ಕೊಡದ ಕೆಳಗಿನ ಸಿಂಬೆ ನೋಡಿದವರಿಗೆ ಅದರ ಕ್ರಮ ತಕ್ಷಣ ಹೊಳೆಯುತ್ತದೆ. ಮೊದಲು ಆಭರಣ ಮಾಡುತ್ತಿದ್ದ ಕಲಾವಿದೆ ಅಂಗೈಯಗಲದ ಆ ಕುಸುರಿಯನ್ನು ಕೋಣೆ ತುಂಬುವಷ್ಟು ಬೆಳೆಸಿದರು. ಮನೆಮಠ ಬಿಟ್ಟು ಬಂದ ಹೆಂಗಸರು ಸುತ್ತುತ್ತ ಮಾತಾಡಿದರು, ಅತ್ತರು, ಹಳೆಯ ಹಾಡು ಹೇಳಿಕೊಂಡರು.

ಇದನ್ನು ‘ಪರಂಪರೆಯ ಉಳಿವು’ ಎಂದಷ್ಟೇ ಬರೆದು ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಬೆಟ್ಟದ ಮೇಲೆ ಈ ಕುಸುರಿ ಒಡೆಯರು ಯಾರು, ಸಾಮಾನ್ಯರು ಯಾರು ಎಂದು ತೋರಿಸುತ್ತಿತ್ತು. ಒಡೆಯರ ಮನೆತನದಲ್ಲೇ ಹುಟ್ಟಿದ ಅಲುವಾಯ್ ಅದನ್ನು ಊರಿನ ಎಲ್ಲ ಕೈಗಳಿಗೂ ಕೊಟ್ಟರು. ಉಳಿಸಿದ್ದಕ್ಕಿಂತ ಬದಲಿಸಿದ್ದೇ ಅವರ ದೊಡ್ಡ ಕೆಲಸ ಎಂದು ನನ್ನ ನಂಬಿಕೆ.

ಜಗುಲಿಯಲ್ಲಿ ಕೂತಿದ್ದ ಅಜ್ಜಿಯೊಬ್ಬರು ನಮಗೆ ಚಹಾ ಕೊಟ್ಟರು. ಚೀನೀ ಭಾಷೆ ಬಲ್ಲ ಗೆಳತಿಯ ಮೂಲಕ ಮಾತು ನಡೆಯಿತು. ಇಲ್ಲಿ ಒಗ್ಗಿದೆಯೇ ಎಂದು ಕೇಳಿದೆ.

“ಮೊಮ್ಮಕ್ಕಳಿಗೆ ಇದೇ ಊರು ಕಣಮ್ಮ. ನನ್ನ ನವಣೆ ಹೊಲ ಮಾತ್ರ ಮೇಲೇ ಇದೆ” ಎಂದರು. ದಾರಿ ಕುಸಿಯದಿದ್ದರೆ ಮರುದಿನವೇ ಹೋಗುವುದಿತ್ತಂತೆ. ಕಳೆ ಕೀಳುವುದು ಬಾಕಿ ಇತ್ತು.