ಪದವಿಲ್ಲದ ಪದ

ನಮ್ಮ ಕಡೆ ಹಾಡಿಗೆ ‘ಪದ’ ಎನ್ನುತ್ತಾರೆ. ನಮ್ಮ ಕಡೆ ಎಂದರೆ ತುಂಗಭದ್ರೆಯ ದಂಡೆಯ ಹೊನ್ನಾಳಿ ಸೀಮೆ, ಅದರಲ್ಲಿಯೂ ಗೋವಿನಕೋವಿ. ಬೀಸುವಾಗ ಹೇಳುವುದು ಬೀಸುವ ಪದ, ಮದುವೆಯಲ್ಲಿ ಸೋಬಾನೆ ಪದ, ರಾತ್ರಿ ಗುಡಿಯ ಮುಂದೆ ಭಜನೆಯವರದು ತತ್ತ್ವಪದ. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನ್ನಂಥವನಿಗೆ ಇದು ಬಹು ಅನುಕೂಲದ ಮಾತು. ವ್ಯಾಕರಣದಲ್ಲಿಯೂ ಪದ, ಹಾಡಿನಲ್ಲಿಯೂ ಪದ. ಒಂದೇ ಶಬ್ದದಿಂದ ಎರಡು ತರಗತಿಗಳನ್ನು ತೂಗಿಸಿಬಿಡಬಹುದು. ಇಂಥವನಿಗೆ ಪದವೇ ಇಲ್ಲದ ಪದವೊಂದು ಗಂಟುಬಿದ್ದಿತೆಂದರೆ ಓದುಗರು ನಗಬಹುದು. ನಗಲಿ, ಕಥೆಯನ್ನಂತೂ ಕೇಳಲಿ.

ಅದೊಂದು ಧ್ವನಿಮುದ್ರಿಕೆ. ಹೆಸರು ‘ಜ್ಯೋತಿ’. 1983ರ ಫೆಬ್ರವರಿಯಲ್ಲಿ ಅಂದಿನ ಪಶ್ಚಿಮ ಜರ್ಮನಿಯ ಲುಡ್ವಿಗ್ಸ್‌ಬುರ್ಗ್ ಎಂಬ ಊರಿನ ಬಾವರ್ ಸ್ಟುಡಿಯೋದಲ್ಲಿ ಮುದ್ರಣವಾದದ್ದು. ಹೊರತಂದವರು ಮ್ಯೂನಿಕ್ ನಗರದ ಇ.ಸಿ.ಎಂ. ಸಂಸ್ಥೆಯವರು. 1969ರಲ್ಲಿ ಆ ಸಂಸ್ಥೆಯನ್ನು ಕಟ್ಟಿದ ಮಾನ್‌ಫ್ರೆಡ್ ಐಷರ್ ಅವರೇ ಇದರ ನಿರ್ಮಾಪಕರೂ. ಇದಕ್ಕೂ ನಮಗೂ ಏನು ಸಂಬಂಧವೆಂದರೆ, ಹಾಡಿದವರು ಬೆಂಗಳೂರಿನ ಆರ್. ಎ. ರಮಾಮಣಿ, ರಚನೆಗಳೂ ಅವರವೇ. ಮೃದಂಗಕ್ಕೆ ಅವರ ಪತಿ ಟಿ. ಎ. ಎಸ್. ಮಣಿ, 1964ರಲ್ಲಿ ಬೆಂಗಳೂರಿನಲ್ಲಿ ‘ಕರ್ನಾಟಕ ಕಾಲೇಜ್ ಆಫ್ ಪರ್ಕಶನ್’ ಎಂಬ ತಾಳವಾದ್ಯ ಶಾಲೆಯನ್ನು ಸ್ಥಾಪಿಸಿದವರು. ಘಟ ಮತ್ತು ಮೋರ್ಸಿಂಗಿಗೆ ಆರ್. ಎ. ರಾಜಗೋಪಾಲ್, ಖಂಜಿರಕ್ಕೆ ಟಿ. ಎನ್. ಶಶಿಕುಮಾರ್. ಇವರ ನಡುವೆ ಸ್ಯಾಕ್ಸೊಫೋನ್ ಮತ್ತು ಕೊಳಲು ಹಿಡಿದು ಕುಳಿತವರು ಅಮೆರಿಕದ ಚಾರ್ಲಿ ಮರಿಯಾನೊ.

ಈ ಮರಿಯಾನೊ ವಿಚಿತ್ರ ಮನುಷ್ಯರು. 1923ರಲ್ಲಿ ಬೋಸ್ಟನ್ ನಗರದಲ್ಲಿ ಹುಟ್ಟಿ, ಚಾರ್ಲ್ಸ್ ಮಿಂಗಸ್‌ನಂಥ ಜಾಜ್ ದಿಗ್ಗಜರ ಮೇಳದಲ್ಲಿ ನುಡಿಸಿ ಹೆಸರಾಗಿದ್ದವರು, ಐವತ್ತರ ಅಂಚಿನಲ್ಲಿ ದಕ್ಷಿಣ ಭಾರತಕ್ಕೆ ಬಂದು ನಾಗಸ್ವರ ಕಲಿಯಲು ಕುಳಿತರು. ಆ ವಯಸ್ಸಿನಲ್ಲಿ ನಮ್ಮವರು ಪಿಂಚಣಿಯ ಲೆಕ್ಕ ಹಾಕುತ್ತಿರುತ್ತಾರೆ. ಇತ್ತ ನಮ್ಮ ಬಂಟ್ವಾಳದ ಕಡೆ ನಾಗಸ್ವರದವರ ಮನೆಯಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ, ಅದನ್ನೇ ಹಿಡಿದು, ಕರ್ನಾಟಕ ಸಂಗೀತಕ್ಕೆ ಪಳಗಿಸಿದರು. ಅಲ್ಲಿಂದ ಒಬ್ಬರು ಇತ್ತ, ಇಲ್ಲಿಂದ ಒಬ್ಬರು ಅತ್ತ. ದಾರಿಯಲ್ಲಿ ಎದುರುಬದುರಾದ ಎರಡು ಗಾಡಿಗಳಂತೆ. ಇಂದು ಕರಾವಳಿಯ ಮದುವೆ ಮನೆಗಳಲ್ಲಿ ಸ್ಯಾಕ್ಸೊಫೋನೇ ಮಂಗಳವಾದ್ಯ.

ಮುದ್ರಿಕೆಯಲ್ಲಿರುವುದು ಆರು ರಚನೆಗಳು. ಮೊದಲನೆಯದು ರಮಾಮಣಿಯವರ ಒಂಟಿ ಕಂಠ. ಆಮೇಲೆ ‘ವಂದನಂ’, ‘ವರ್ಷಿಣಿ’, ‘ಸಪ್ತರ್ಷಿ’, ‘ಕಾರ್ತಿಕ್’, ‘ಭಜನ್’. ಕೇಳುವ ಮೊದಲು ನನಗೆ ಅನುಮಾನವಿತ್ತೆಂದು ಹೇಳಬೇಕಾಗಿಲ್ಲ. ಪೂರ್ವ ಪಶ್ಚಿಮಗಳ ಬೆರಕೆಯೆಂದರೆ ಸಾಮಾನ್ಯವಾಗಿ ಪಿಯಾನೊ, ಗಿಟಾರು, ಡ್ರಮ್ಮುಗಳು ಕೆಳಗೆ ಹಾಸಿಗೆ ಹಾಸುತ್ತವೆ. ನಮ್ಮವರು ಅದರ ಮೇಲೆ ಅತಿಥಿಗಳಂತೆ ಮುದುರಿ ಕೂಡುತ್ತಾರೆ. ಇಲ್ಲಿ ಪಿಯಾನೊ ಇಲ್ಲ, ಡ್ರಮ್ಮಿಲ್ಲ. ಸ್ವರಗಳನ್ನು ಒಂದರ ಮೇಲೊಂದು ಪೇರಿಸಿ ಏಕಕಾಲಕ್ಕೆ ನುಡಿಸುವ ಆ ಕಡೆಯ ಪದ್ಧತಿಯನ್ನು ಬಾಗಿಲ ಹೊರಗೇ ಬಿಟ್ಟಿದ್ದಾರೆ. ಶ್ರುತಿ ತಂಬೂರಿಯದು, ಲೆಕ್ಕ ಮೃದಂಗದ್ದು. ಅತಿಥಿಯಾಗಿ ಬಂದದ್ದು ಸ್ಯಾಕ್ಸೊಫೋನು. ಕೀಲಿಗಳಿಂದ ನಡೆಯುವ ಆ ಲೋಹದ ವಾದ್ಯಕ್ಕೆ ಗಮಕ ಸುಲಭವಲ್ಲ. ತುಟಿ ಮತ್ತು ಉಸಿರಿನ ಬಿಗಿಯಿಂದಲೇ ಸ್ವರವನ್ನು ಬಾಗಿಸಬೇಕು. ನಾಗಸ್ವರದಲ್ಲಿ ಪಟ್ಟ ಪಾಡು ಮರಿಯಾನೊ ಅವರಿಗೆ ಇಲ್ಲಿ ಒದಗಿಬಂದಿರಬೇಕು.

ಚಳಿಗಾಲದ ಜರ್ಮನಿಯಲ್ಲಿ ಈ ಚರ್ಮವಾದ್ಯಗಳ ಗತಿ ಏನಾಗಿರಬಹುದೆಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಖಂಜಿರದ ತೆಳು ಚರ್ಮಕ್ಕೆ ನೀರು ಹಚ್ಚಿ ಹದಕ್ಕೆ ಇಳಿಸುತ್ತಾರೆ. ಮೃದಂಗದ ಎಡಕ್ಕೆ ರವೆ ಕಲಸಿ ಮೆತ್ತುತ್ತಾರೆ. ನಮ್ಮ ಹವೆಯಲ್ಲಿಯೇ ಘಳಿಗೆಗೊಂದು ಸ್ವಭಾವ ತೋರಿಸುವ ವಾದ್ಯಗಳು ಅವು. ಎದುರಿಗೆ ತೊಡೆ ತಟ್ಟುವ ರಸಿಕನಿಲ್ಲ, ‘ಭಲೆ’ ಎನ್ನುವವನಿಲ್ಲ. ಗಾಜಿನ ಆಚೆಗೆ ಕಿವಿಯಷ್ಟೇ ಕೆಲಸ ಮಾಡುವ ಮನುಷ್ಯರು. ಕಪ್ಪು ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುವುದು ಇಪ್ಪತ್ತು ನಿಮಿಷದ ಆಸುಪಾಸು. ಆದರೂ ಅವಸರದ ಗುರುತಿಲ್ಲ. ಒಂದು ತಕರಾರು ಮಾತ್ರ ನನ್ನದಿದೆ. ಇ.ಸಿ.ಎಂ.ನವರಿಗೆ ಮೌನದ ಮೇಲೆ, ಅನುರಣನದ ಮೇಲೆ ಬಹಳ ಪ್ರೀತಿ. ದನಿಯೆಲ್ಲ ಯಾವುದೋ ವಿಶಾಲವಾದ ಕಲ್ಲಿನ ಮಂಟಪದಿಂದ ಬಂದಂತೆ ಕೇಳಿಸುತ್ತದೆ. ಚೆನ್ನಾಗಿಯೇ ಇದೆ, ಆದರೆ ನುಣುಪು ಸ್ವಲ್ಪ ಹೆಚ್ಚಾಯಿತು. ಘಟವೆಂದಮೇಲೆ ಮಡಕೆಯ ಒರಟೂ ಒಂದಿಷ್ಟು ಕೇಳಿಸಬೇಕು.

ಇದನ್ನು ಸ್ಟಾಫ್ ರೂಮಿನಲ್ಲಿ ಕೇಳಿಸಿದಾಗ ನಮ್ಮ ಇತಿಹಾಸದ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡು, “ಎಲ್ಲಾ ಸರಿ ಸಾರ್, ಇದರಲ್ಲಿ ಸಾಹಿತ್ಯ ಎಲ್ಲಿದೆ? ಆಕಾರ, ಸ್ವರ, ಸೊಲ್ಲು. ಇದನ್ನು ಹೇಗೆ ಕನ್ನಡದ ಲೆಕ್ಕಕ್ಕೆ ಬರೀತೀರಿ?” ಎಂದರು.

ನಾನು ಬರೆಯುವ ಲೆಕ್ಕ ಇದು. ಕೊನ್ನಕೋಲಿನವರು ಬಾಯಲ್ಲಿ ಹೇಳುವ ಸೊಲ್ಲುಗಳನ್ನು ಗಮನಿಸಿ: ‘ತಕಿಟ’ ಎಂದರೆ ಮೂರು, ‘ತಕಧಿಮಿ’ ಎಂದರೆ ನಾಲ್ಕು, ‘ತಕತಕಿಟ’ ಎಂದರೆ ಐದು. ನಮ್ಮ ಮಾತ್ರಾಗಣಗಳೂ ಮೂರು, ನಾಲ್ಕು, ಐದೇ ಅಲ್ಲವೆ? ಮೂರು ಮಾತ್ರೆಯ ಗಣಗಳಿಂದ ಭೋಗ ಷಟ್ಪದಿ, ನಾಲ್ಕರಿಂದ ಶರ, ಐದರಿಂದ ವಾರ್ಧಕ. ಮೂರಕ್ಕೆ ನಾಲ್ಕನ್ನು ಜೋಡಿಸಿದರೆ ಕುಮಾರವ್ಯಾಸನ ಭಾಮಿನಿಯ ನಡೆ. ಮೃದಂಗದವರ ಬಾಯಲ್ಲಿ ಅದೇ ಮಿಶ್ರ, ಏಳರ ಎಣಿಕೆ. ಭಾರತದಿಂದ ಮಾತುಗಳನ್ನೆಲ್ಲ ಸೋಸಿ ತೆಗೆದರೆ ಕೊನೆಗೆ ಉಳಿಯುವ ಹೆಜ್ಜೆ ಅದು. ರಮಾಮಣಿಯವರ ತಂಡ ಜರ್ಮನಿಗೆ ಒಯ್ದ ಗಂಟಿನಲ್ಲಿ ಮಾತು ಕಡಿಮೆಯಿರಬಹುದು, ಈ ಹೆಜ್ಜೆ ಇತ್ತು. ಮೇಷ್ಟ್ರು ಸುಮ್ಮನಾಗಲಿಲ್ಲ. “ಹಾಗಾದರೆ ತೆಲುಗರೂ ಇದನ್ನು ತಮ್ಮದೆನ್ನಬಹುದು” ಎಂದರು. ಎನ್ನಲಿ, ಅದರಿಂದ ನಮಗೇನು ನಷ್ಟ? ಇಬ್ಬರ ಲೆಕ್ಕದಲ್ಲಿಯೂ ಜಮೆಯಾಗುವ ಹಣ ಲೋಕದಲ್ಲಿ ಬೇರೆ ಎಲ್ಲಿದೆ?

ಇಷ್ಟಕ್ಕೇ ಆಗಿದ್ದರೆ ಇದು ಪಂಡಿತರ ಹರಟೆಯಾಗಿ ಮುಗಿಯುತ್ತಿತ್ತು. ಊರಿನಲ್ಲಿ ನನ್ನ ದೊಡ್ಡಮ್ಮ ಇದ್ದಾರೆ. ಸುತ್ತಿನ ನಾಲ್ಕು ಹಳ್ಳಿಯ ಮದುವೆಗಳಿಗೆ ಸೋಬಾನೆ ಹೇಳಲು ಅವರನ್ನೇ ಕರೆಯುತ್ತಿದ್ದರು. ಎಂ.ಎ. ಪರೀಕ್ಷೆಗೆ ನಾನು ಬರೆದ ಜನಪದದ ಉತ್ತರಪತ್ರಿಕೆಯಲ್ಲಿ ಅರ್ಧ ಅವರ ಬಾಯಿಂದ ಬಂದದ್ದು. ಎರಡು ವರ್ಷದ ಕೆಳಗೆ ಲಕ್ವ ಹೊಡೆದು ಬಲಗೈ ಬಿದ್ದಿತು, ಮಾತು ಹೋಯಿತು. ನೀರು ಬೇಕಾದರೂ ಬೆರಳು ತೋರಿಸಬೇಕು. ಆದರೆ ಸಂಜೆಯ ಹೊತ್ತು ಧಾಟಿ ಎತ್ತುತ್ತಾರೆ. ಒಂದಕ್ಷರವಿಲ್ಲ, ಧಾಟಿ ಮಾತ್ರ ಎಲ್ಲಿಯೂ ಕದಲುವುದಿಲ್ಲ. ಮಾತಿನ ನೆಲೆಯೂ ರಾಗದ ನೆಲೆಯೂ ಮಿದುಳಿನಲ್ಲಿ ಒಂದೇ ಕಡೆ ಇಲ್ಲ, ಒಂದು ಹೋದರೂ ಇನ್ನೊಂದು ಉಳಿಯಬಹುದು ಎಂದು ವೈದ್ಯರು ಹೇಳಿದರು. ಅತ್ತಿಗೆ ಅದನ್ನೇ ಚಿಕ್ಕದಾಗಿ, “ಮಾತೆಲ್ಲ ಹೋದ್ವು ನೋಡಪ್ಪ, ರಾಗ ಒಂದು ಉಳಿದೈತಿ” ಎಂದರು.

ಕಳೆದ ಸಂಕ್ರಾಂತಿಗೆ ಹೋದಾಗ ಅವರ ಮಂಚದ ಬದಿಯಲ್ಲಿ ಕುಳಿತು ಫೋನಿನಲ್ಲಿ ‘ಜ್ಯೋತಿ’ ಹಾಕಿದೆ. ಒಂಟಿ ಕಂಠವನ್ನು ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ ಕೇಳಿದರು. ಸ್ಯಾಕ್ಸೊಫೋನ್ ಬಂದಾಗ ಕಣ್ಣು ತೆರೆದು ನನ್ನನ್ನು ಒಮ್ಮೆ ನೋಡಿದರು, ‘ಇದ್ಯಾರು?’ ಎಂಬಂತಿತ್ತು ನೋಟ. ಮುಂದೆ ಎಲ್ಲೋ ಖಂಜಿರ, ಮೃದಂಗಗಳು ಕೈಗೂಡಿದಾಗ ಎಡಗೈಯ ಬೆರಳು ಕಂಬಳಿಯ ಮೇಲೆ ಆಡತೊಡಗಿತು. ನಾನೂ ಬೆರಳು ಮಡಿಸಿ ಎಣಿಸಿದೆ. ನಡುವೆ ಎಣಿಕೆ ತಪ್ಪಿ ಬಿಟ್ಟುಬಿಟ್ಟೆ. ಅವರದು ಎಡೆಗೆ ಸರಿಯಾಗಿ ಬಂದು ಇಳಿಯುತ್ತಿತ್ತು. ಮುದ್ರಿಕೆ ಇನ್ನೂ ನಡೆಯುತ್ತಿರುವಾಗಲೇ ಅದಕ್ಕೆ ಸಂಬಂಧವಿಲ್ಲದ ತಮ್ಮದೇ ಸೋಬಾನೆಯ ಧಾಟಿಯನ್ನು ಎತ್ತಿದರು. ನಾನು ಫೋನು ನಿಲ್ಲಿಸಿದೆ. ಅಡಿಗೆಮನೆಯಲ್ಲಿ ಅತ್ತಿಗೆ ರೊಟ್ಟಿ ಬಡಿಯುತ್ತಲೇ ಒಳಗಿನಿಂದ ಅದಕ್ಕೆ ಮಾತು ಸೇರಿಸಿದರು.