ತೂಬು ತೆರೆಯುವ ಮುನ್ನ

ಸವದತ್ತಿ ಸಮೀಪದ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟಿದ ಅಣೆಕಟ್ಟು ನಮ್ಮ ಭಾಗದವರಿಗೆ ಹೊಸದಲ್ಲ. ಅದರ ಕಾಲುವೆಯೊಂದರ ತೂಬು ತೆಗೆದು ಮುಚ್ಚುವ ಕೆಲಸ ನನ್ನ ತಂದೆಯವರದಾಗಿತ್ತು. "ತಮ್ಮಾ, ತೂಬ ತಗಿಯೂದು ದೊಡ್ಡದಲ್ಲ, ಆ ಕಡೆ ಏನೈತಿ ಅಂತ ನೋಡಿ ತಗಿಯೂದು ದೊಡ್ಡದು" ಎಂದು ಅವರು ಹೇಳುತ್ತಿದ್ದರು. ಆ ಮಾತಿನ ಅರ್ಥ ನನಗೆ ಹೊಳೆದದ್ದು ಬಹುಕಾಲದ ನಂತರ, ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ.

ಅಲ್ಲಿ ಅತಿವಾಹಕ ಕಾಂತವೊಂದಕ್ಕೆ ವಿದ್ಯುತ್ತನ್ನು ಒದಗಿಸುವ ಯಂತ್ರದ ಗುಂಡಿಗಳನ್ನು ಒತ್ತುವುದು ನನ್ನ ಹೊಣೆಯಾಗಿತ್ತು. 1911ರಲ್ಲಿ ಲೈಡನ್ ನಗರದಲ್ಲಿ ಕಾಮರ್ಲಿಂಗ್ ಆನ್ನೆಸ್ ಅವರು ಪಾದರಸವನ್ನು ದ್ರವ ಹೀಲಿಯಂನಿಂದ ತಣಿಸಿದಾಗ, ವಿದ್ಯುತ್ತಿಗೆ ಅದು ಒಡ್ಡುತ್ತಿದ್ದ ತಡೆ ಇದ್ದಕ್ಕಿದ್ದಂತೆ ಇಲ್ಲವಾಯಿತು. ಅದೇ ಅತಿವಾಹಕತೆ. ನಮ್ಮ ಕಾಂತದ ನಿಯೋಬಿಯಂ-ಟೈಟಾನಿಯಂ ಸುರುಳಿಯೂ ಮೈನಸ್ 269 ಡಿಗ್ರಿ ಸೆಲ್ಸಿಯಸ್‌ನ ದ್ರವ ಹೀಲಿಯಂನಲ್ಲಿ ಮುಳುಗಿತ್ತು. ಒಮ್ಮೆ ಪ್ರವಾಹ ತುಂಬಿ ಬಾಯಿ ಮುಚ್ಚಿದರೆ, ಹೊರಗಿನ ಆಸರೆಯಿಲ್ಲದೆ ಅದು ಒಳಗೆ ಸುತ್ತುತ್ತಲೇ ಇರುತ್ತದೆ. ಆಸ್ಪತ್ರೆಗಳ ಎಂಆರ್‌ಐ ಕಾಂತಗಳಲ್ಲಿ ಹೆಚ್ಚಿನವು ಇದೇ ಬಗೆಯವು.

ಈ ಸುರುಳಿಗೂ ಒಂದು ತೂಬಿದೆ. ಎರಡು ತುದಿಗಳನ್ನು ಕೂಡಿಸುವ ಅತಿವಾಹಕ ತಂತಿಯ ತುಂಡು, ಅದಕ್ಕೆ ತಾಗಿದ ಪುಟ್ಟ ಹೀಟರ್. ಹೀಟರ್ ಗುಂಡಿ ಒತ್ತಿದರೆ ಆ ತುಂಡು ಬೆಚ್ಚಗಾಗಿ ಅತಿವಾಹಕತೆಯನ್ನು ಕಳೆದುಕೊಳ್ಳುತ್ತದೆ. ಆಗ ಯಂತ್ರದ ಪ್ರವಾಹ ಸುರುಳಿಯನ್ನು ಸೇರುತ್ತದೆ. ಅವಸರ ಸಲ್ಲದು. ಸೆಕೆಂಡಿಗೆ 0.05 ಆಂಪಿಯರ್‌ನಂತೆ ಏರಿಸಿದರೆ 60 ಆಂಪಿಯರ್ ಮುಟ್ಟಲು 20 ನಿಮಿಷ ಬೇಕು. ಬಳಿಕ ಹೀಟರ್ ಆರಿಸಿ, ತುಂಡು ತಣಿಯುವವರೆಗೆ ಕಾದು, ಯಂತ್ರದ ಪ್ರವಾಹವನ್ನು ಸೊನ್ನೆಗೆ ಇಳಿಸಬೇಕು. ಮತ್ತೆ ತೆರೆಯುವಾಗ ಯಂತ್ರದಲ್ಲಿ ಮೊದಲು ಅದೇ 60 ಆಂಪಿಯರ್ ತರಬೇಕು. ಒಳಗಿನದೂ ಹೊರಗಿನದೂ ಸಮವಾದ ಮೇಲೆಯೇ ಹೀಟರ್ ಗುಂಡಿಯ ಸರದಿ.

ಒಂದು ಸಂಜೆ ಬೈಲಹೊಂಗಲದ ರಾತ್ರಿ ಬಸ್ಸಿಗೆ ನನಗೆ ಹೊತ್ತಾಗುತ್ತಿತ್ತು. ಫಲಕದಲ್ಲಿ ಸೊನ್ನೆ ಕಂಡು ಕಾಂತ ಬರಿದಾಗಿದೆಯೆಂದು ಭಾವಿಸಿ ಹೀಟರ್ ಒತ್ತಿದೆ. ಯಂತ್ರ ಒಪ್ಪಲಿಲ್ಲ, ಒಳಗೆ ಉಳಿದಿದ್ದ ಪ್ರವಾಹದ ಅಂಕಿ ಅದರ ನೆನಪಿನಲ್ಲಿತ್ತು. ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿದರೆ ಆ ತಡೆಯನ್ನು ಮೀರಬಹುದಿತ್ತು. ನಾನು ಮೀರಿದೆ.

ಸುರುಳಿಯಲ್ಲಿದ್ದದ್ದು 36,000 ಜೂಲ್, ಎಂದರೆ 100 ಕಿಲೋ ಜೋಳದ ಚೀಲವನ್ನು 36 ಮೀಟರ್ ಮೇಲೆತ್ತುವಷ್ಟು ಶಕ್ತಿ. ಅದೆಲ್ಲ ಕ್ಷಣದಲ್ಲಿ ಶಾಖವಾಯಿತು. ದ್ರವ ಹೀಲಿಯಂ ಅನಿಲವಾದಾಗ ಸುಮಾರು 700 ಪಟ್ಟು ಹಿಗ್ಗುತ್ತದೆ. ಬಿಳಿಯ ಹಬೆ ಭೋರ್ಗರೆದು ಹೊರನುಗ್ಗಿತು. ಗೆಳೆಯನೊಬ್ಬನ ಪ್ರಯೋಗ ಅರ್ಧಕ್ಕೇ ನಿಂತಿತು.

ವಿದ್ಯುತ್ ಹೋಗಿತ್ತೆಂದು ಸುಳ್ಳು ಹೇಳಿದೆ. ಎಲ್ಲರೂ ನಂಬಿದರು. ಗೆಳೆಯನಂತೂ ನನಗೇ ಸಮಾಧಾನ ಹೇಳಿದ. ಆ ಸಮಾಧಾನವನ್ನು ಸಹಿಸಲಾರದೆ ಮರುದಿನ ದಾಖಲೆ ಪುಸ್ತಕದಲ್ಲಿ ನನ್ನ ತಪ್ಪನ್ನು ಬರೆದು ಸಹಿ ಮಾಡಿ, ಮೊದಲು ಅವನಿಗೇ ತೋರಿಸಿದೆ. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಅನಂತರ, "ಇನ್ನು ಮುಂದೆ ನೀನು ಒತ್ತುವಾಗ ನಾನೂ ಪಕ್ಕದಲ್ಲಿರುತ್ತೇನೆ" ಎಂದ. ಹಾಗೆಯೇ ಇದ್ದ.

2019ರ ಆಗಸ್ಟ್‌ನಲ್ಲಿ ಮಳೆ ಮಿತಿಮೀರಿ, ಮಲಪ್ರಭೆಯ ನೀರು ರಾಮದುರ್ಗ ತಾಲ್ಲೂಕಿನ ಊರುಗಳಿಗೆ ನುಗ್ಗಿದಾಗ ತಂದೆಯವರ ಮಾತು ಮತ್ತೆ ನೆನಪಾಯಿತು. ತಂತಿಯಲ್ಲಿ ಹರಿಯುವುದಕ್ಕೂ ನದಿಯಲ್ಲಿ ಉಕ್ಕುವುದಕ್ಕೂ ನಮ್ಮ ಭಾಷೆಯಲ್ಲಿ ಒಂದೇ ಹೆಸರು: ಪ್ರವಾಹ. ಹೊರಗೆ ಕಾಣುವ ಸೊನ್ನೆ ಒಳಗಿನ ಸೊನ್ನೆಯಲ್ಲ. ಮೌನವಾಗಿ ಎದುರು ಕುಳಿತವರೊಡನೆ ಮಾತು ತೆಗೆಯುವಾಗಲೂ ಈಗ ಒಂದು ಕ್ಷಣ ತಡೆಯುತ್ತೇನೆ.